ಹತ್ತನೇ ತರಗತಿಯ ಮಗ ಪರೀಕ್ಷೆಗೇ ಹೋಗುವುದಿಲ್ಲ ಎನ್ನುತ್ತಾನೆ: ಬಲವಂತ ಮಾಡಲೇ, ಬಿಟ್ಟುಬಿಡಲೇ?

ನಿಮ್ಮ ಪ್ರಶ್ನೆಯನ್ನು ಎರಡು ಸಲ ಓದಿದೆ. ಮಗ ಎಸ್‌ಎಸ್‌ಎಲ್‌ಸಿ. ಸೋಮವಾರದಿಂದ ಪೂರ್ವಸಿದ್ಧತಾ ಪರೀಕ್ಷೆ. ಎರಡು ವಾರದಿಂದ ಊಟ ಸೇರುತ್ತಿಲ್ಲ, ಬೆಳಿಗ್ಗೆ ಎದ್ದರೆ ಹೊಟ್ಟೆನೋವು. ‘ಇದಕ್ಕೆ ಹೋಗುವುದಿಲ್ಲ, ನೇರವಾಗಿ ಮುಖ್ಯ ಪರೀಕ್ಷೆಯನ್ನೇ ಬರೆಯುತ್ತೇನೆ’ ಎನ್ನುತ್ತಿದ್ದಾನೆ. ನಿಮ್ಮ ಯಜಮಾನರು ಗದರಿಸಿ ಕಳುಹಿಸೋಣ ಎನ್ನುತ್ತಾರೆ, ನಿಮಗೆ ಮನಸ್ಸು ಬರುತ್ತಿಲ್ಲ.

ಗದರಿಸಬೇಡಿ ತಾಯಿ. ಆದರೆ ಬಿಟ್ಟೂ ಬಿಡಬೇಡಿ. ನಾನು ಮೊದಲು ಗದರಿಸಿದೆ, ಆಮೇಲೆ ಬಿಟ್ಟುಬಿಟ್ಟೆ. ಗದರಿಸಿದ್ದಕ್ಕಿಂತ ಬಿಟ್ಟದ್ದರಿಂದಲೇ ಹೆಚ್ಚು ಹಾನಿಯಾಯಿತು.

ನನಗೆ ಹಾಸನದಲ್ಲಿ ಒಂದು ಹೈಸ್ಕೂಲಿನ ಎದುರು ಜೆರಾಕ್ಸ್ ಅಂಗಡಿ ಇದೆ. ನಾನು ವೈದ್ಯನೂ ಅಲ್ಲ, ಮೇಷ್ಟರೂ ಅಲ್ಲ. ಆದರೆ ಜನವರಿಯಿಂದ ಮಾರ್ಚ್‌ವರೆಗೆ ಪರೀಕ್ಷೆಯ ಭಯ ಹೇಗಿರುತ್ತದೆ ಎಂದು ಕೌಂಟರ್ ಹಿಂದೆ ನಿಂತು ಹದಿನೈದು ವರ್ಷದಿಂದ ನೋಡುತ್ತಿದ್ದೇನೆ. ಒಮ್ಮೆ ಒಬ್ಬ ತಾಯಿ ಪರೀಕ್ಷೆಗೆ ಆರು ದಿನ ಇರುವಾಗ ಯಾರದೋ ಮಗಳ ವಿಜ್ಞಾನದ ನೋಟ್ಸ್ ತಂದು, ಪೂರ್ತಿ ಪ್ರತಿ ಮಾಡಿ ಸ್ಪೈರಲ್ ಹಾಕಿಕೊಡಿ ಎಂದರು. ಇನ್ನೂರು ಪುಟದ ಮೇಲಿತ್ತು. ಯಂತ್ರದಿಂದ ಒಂದೊಂದೇ ಹಾಳೆ ಬಂದು ಬೀಳುತ್ತಿತ್ತು, ಪಕ್ಕದಲ್ಲಿ ನಿಂತ ಹುಡುಗ ಕಟ್ಟು ಎತ್ತರವಾಗುವುದನ್ನೇ ನೋಡುತ್ತಿದ್ದ. ಅವನ ಮುಖ ಈಗಲೂ ನೆನಪಿದೆ. ಆಗ ನನಗೆ ಏನೂ ಅನ್ನಿಸಲಿಲ್ಲ, ದುಡ್ಡು ಎಣಿಸಿಕೊಂಡೆ.

ನಾಚಿಕೆಯ ಮಾತೊಂದನ್ನು ಹೇಳುತ್ತೇನೆ. ನನ್ನ ಮಗಳು ಹತ್ತನೇ ತರಗತಿಗೆ ಬಂದ ವರ್ಷ, ಚೆನ್ನಾಗಿ ಓದುವ ಮಕ್ಕಳ ನೋಟ್ಸ್ ಅಂಗಡಿಗೆ ಬಂದರೆ ಒಂದು ಪ್ರತಿ ಹೆಚ್ಚಿಗೆ ತೆಗೆದಿಟ್ಟುಕೊಳ್ಳುತ್ತಿದ್ದೆ. ರಾತ್ರಿ ಅಂಗಡಿ ಮುಚ್ಚಿ ಮನೆಗೆ ಹೋಗುವಾಗ ಕೈಯಲ್ಲಿ ಆ ಕಟ್ಟು. ‘ನೋಡು, ಆ ಹುಡುಗಿ ಹೇಗೆ ಬರೆದಿದ್ದಾಳೆ.’ ಮಗಳಿಗೆ ಸಹಾಯ ಮಾಡುತ್ತಿದ್ದೇನೆ ಎಂದುಕೊಂಡಿದ್ದೆ. ಅವಳಿಗೆ ಕೇಳಿಸಿದ್ದು ‘ನಿನ್ನದು ಸಾಲದು’ ಎಂದು ಮಾತ್ರ. ಇದು ಸಾಲದೆಂಬಂತೆ ನಮ್ಮ ತಾಯಿ, ಮೊಮ್ಮಗಳಿಗೆ ಡಿಸ್ಟಿಂಕ್ಷನ್ ಬಂದರೆ ಬಾಗಿಲು ತೆರೆದ ದಿನವೇ ಹಾಸನಾಂಬೆಗೆ ರೇಷ್ಮೆ ಸೀರೆ ಎಂದು ಹರಕೆ ಹೊತ್ತರು. ಆ ಗುಡಿ ತೆರೆಯುವುದು ವರ್ಷಕ್ಕೊಮ್ಮೆ, ದೀಪಾವಳಿಯ ಆಸುಪಾಸಿನಲ್ಲಿ. ಪರೀಕ್ಷೆ ಮುಗಿದು ಆರು ತಿಂಗಳಾದ ಮೇಲೂ ತೀರಿಸಬೇಕಾದ ಸಾಲವೊಂದು ಹುಡುಗಿಯ ತಲೆಯ ಮೇಲೆ ಕುಳಿತಿತು.

ಡಿಸೆಂಬರ್‌ನಲ್ಲಿ ಹೊಟ್ಟೆನೋವು ಶುರುವಾಯಿತು. ಶಾಲೆಗೆ ಹೊರಡುವ ಹೊತ್ತಿಗೆ ಸರಿಯಾಗಿ ಬರುತ್ತಿತ್ತು, ಭಾನುವಾರ ಬರುತ್ತಿರಲಿಲ್ಲ. ನಾಟಕ ಎಂದೆ, ಕೂಗಾಡಿದೆ. ನನ್ನ ಹೆಂಡತಿ ವೈದ್ಯರಲ್ಲಿಗೆ ಕರೆದುಕೊಂಡು ಹೋದಳು. ರಕ್ತಪರೀಕ್ಷೆ, ಸ್ಕ್ಯಾನಿಂಗ್ ಎಲ್ಲ ಸರಿಯಾಗಿಯೇ ಬಂದವು. ‘ಹಾಗಾದರೆ ನೋವು ಸುಳ್ಳೇ?’ ಎಂದು ನಾನು ಕೇಳಿದೆ. ‘ಸುಳ್ಳಲ್ಲ. ಹೊಟ್ಟೆ ನಿಜವಾಗಿಯೇ ಹಿಂಡುತ್ತದೆ, ಕಾರಣ ಮಾತ್ರ ಹೊಟ್ಟೆಯಲ್ಲಿಲ್ಲ’ ಎಂದರು ವೈದ್ಯರು. ನಿಮ್ಮ ಮಗನನ್ನೂ ಮೊದಲು ಒಮ್ಮೆ ತೋರಿಸಿಕೊಂಡು ಬನ್ನಿ. ಕಾಯಿಲೆ ಇಲ್ಲ ಎಂದು ಗೊತ್ತಾದರೆ ಅವನಿಗೂ ಒಂದು ಹೊರೆ ಇಳಿಯುತ್ತದೆ.

ಅಲ್ಲಿಂದ ಬಂದವನು ಪೂರ್ತಿ ಮೆತ್ತಗಾದೆ. ಎರಡನೇ ಪೂರ್ವಸಿದ್ಧತಾ ಪರೀಕ್ಷೆಯ ಗಣಿತದ ದಿನ ಅವಳು ಬಾಗಿಲ ಬಳಿ ಕುಳಿತು ಅತ್ತಳು. ‘ಬೇಡ ಬಿಡು ಪುಟ್ಟಿ, ಇದೇನು ಬೋರ್ಡ್ ಪರೀಕ್ಷೆಯೇ?’ ಎಂದು ಒಳಗೆ ಕರೆದುಕೊಂಡೆ. ಹತ್ತು ನಿಮಿಷದಲ್ಲಿ ನೋವು ಮಾಯ. ಮಧ್ಯಾಹ್ನ ಚೆನ್ನಾಗಿ ಊಟ ಮಾಡಿ ಟಿವಿ ನೋಡಿದಳು. ಒಳ್ಳೆಯ ತಂದೆ ಎಂದು ನನಗೆ ನಾನೇ ಬೆನ್ನು ತಟ್ಟಿಕೊಂಡೆ. ಎರಡು ದಿನ ಬಿಟ್ಟು ವಿಜ್ಞಾನದ ಪರೀಕ್ಷೆ ಬಂತು. ಆ ದಿನ ಹೊಟ್ಟೆನೋವಿನ ಜೊತೆ ವಾಂತಿಯೂ ಆಯಿತು. ವಿಜ್ಞಾನಕ್ಕೆ ಅವಳು ಎಂದೂ ಹೆದರಿದವಳಲ್ಲ.

ಇದನ್ನು ನಮಗೆ ಬಿಡಿಸಿ ಹೇಳಿದವರು ಜಿಲ್ಲಾಸ್ಪತ್ರೆಯಲ್ಲಿದ್ದ ಒಬ್ಬ ಆಪ್ತಸಮಾಲೋಚಕಿ. ಭಯಪಟ್ಟ ಕೆಲಸದಿಂದ ತಪ್ಪಿಸಿಕೊಂಡ ಕೂಡಲೇ ಹಾಯೆನಿಸುತ್ತದಲ್ಲ, ಆ ಹಾಯೇ ಅಪಾಯ ಎಂದರು ಅವರು. ‘ತಪ್ಪಿಸಿಕೊಂಡದ್ದಕ್ಕೇ ಬದುಕಿದೆ’ ಎಂದು ಮೈ ಕಲಿತುಬಿಡುತ್ತದೆ. ಮುಂದಿನ ಸಲ ಇನ್ನೂ ಬೇಗ, ಇನ್ನೂ ಜೋರಾಗಿ ಹೆದರಿಸುತ್ತದೆ. ಹಾಗೆಂದು ದರದರನೆ ಎಳೆದುಕೊಂಡು ಹೋಗಿ ಕೂರಿಸಿದರೆ ಭಯದ ಜೊತೆ ಅವಮಾನವೂ ಸೇರುತ್ತದೆ. ಮಗು ಭಯದ ಎದುರಿಗೇ ಇರಬೇಕು, ಆದರೆ ಆ ಭಯ ಅದಕ್ಕೆ ತಡೆದುಕೊಳ್ಳುವಷ್ಟು ಸಣ್ಣ ತುಂಡಾಗಿರಬೇಕು.

ನಮ್ಮ ಮೊದಲ ತುಂಡು ಎಷ್ಟು ಸಣ್ಣದೆಂದರೆ ಕೇಳಿದವರು ನಗುತ್ತಾರೆ. ಅಂಗಡಿಯ ಒಳಗಿನ ಸ್ಟೂಲಿನ ಮೇಲೆ ಕೂರಿಸಿ, ಗಣಿತದ ಒಂದು ಮಾದರಿ ಪ್ರಶ್ನೆಪತ್ರಿಕೆ ಕೊಟ್ಟು, ಹದಿನೈದು ನಿಮಿಷ ಬರೀ ಓದು, ಪೆನ್ನು ಮುಟ್ಟಬೇಡ ಎಂದೆ. ಆ ಹದಿನೈದು ನಿಮಿಷ ನಮ್ಮ ಕಲ್ಪನೆಯದ್ದಲ್ಲ. ನಿಜವಾದ ಪರೀಕ್ಷೆಯಲ್ಲೂ ಪ್ರಶ್ನೆಪತ್ರಿಕೆ ಓದಿಕೊಳ್ಳಲು ಅಷ್ಟು ಸಮಯ ಕೊಡುತ್ತಾರೆ. ಮೊದಲ ದಿನ ಅವಳ ಕಾಲು ಒಂದೇ ಸಮನೆ ಅಲುಗಾಡುತ್ತಿತ್ತು, ಸ್ಟೂಲು ಕಟಕಟ ಎನ್ನುತ್ತಿತ್ತು. ನಾನು ಏನೂ ಹೇಳದೆ ಯಂತ್ರಕ್ಕೆ ಹಾಳೆ ತುಂಬುತ್ತಿದ್ದೆ. ಸುಮಾರು ಎಂಟನೆಯ ನಿಮಿಷಕ್ಕೆ ಆ ಸದ್ದು ನಿಂತಿತು. ‘ಅಪ್ಪ, ಇದು ನನಗೆ ಬರುತ್ತದೆ’ ಎಂದು ಒಂದು ಪ್ರಶ್ನೆಯ ಮೇಲೆ ಬೆರಳಿಟ್ಟಳು. ಮರುದಿನ ಬಹು ಆಯ್ಕೆಯ ಎಂಟು ಪ್ರಶ್ನೆ ಮಾತ್ರ. ಇನ್ನೆರಡು ದಿನ ಕಳೆದ ಮೇಲೆ ಅರ್ಧ ಪತ್ರಿಕೆ. ಬಿಟ್ಟುಹೋದ ಗಣಿತದ ಪತ್ರಿಕೆಯನ್ನು ಶನಿವಾರ ಮಧ್ಯಾಹ್ನ ಶಾಲೆಯಲ್ಲೇ ಕೂರಿಸಿ ಬರೆಸಲು ಮುಖ್ಯೋಪಾಧ್ಯಾಯರು ಒಪ್ಪಿಕೊಂಡರು. ಕೇಳಿದರೆ ಬಹಳಷ್ಟು ಶಾಲೆಗಳು ಒಪ್ಪುತ್ತವೆ, ನಾವೇ ಕೇಳುವುದಿಲ್ಲ.

ಇನ್ನೊಂದು ವಿಷಯ. ದಿನಾ ರಾತ್ರಿ ಮಲಗುವ ಮುಂಚೆ ಅವಳದು ಒಂದೇ ಪ್ರಶ್ನೆ: ‘ನಾನು ಪಾಸಾಗುತ್ತೇನಾ ಅಪ್ಪ?’ ತರಗತಿಯ ಮೊದಲ ಹತ್ತು ಮಕ್ಕಳಲ್ಲಿ ಒಬ್ಬಳು ಅವಳು, ಆದರೂ ಈ ಪ್ರಶ್ನೆ. ‘ಖಂಡಿತ ಆಗುತ್ತೀಯ’ ಎನ್ನುತ್ತಿದ್ದೆ. ಐದು ನಿಮಿಷ ಬಿಟ್ಟು ಮತ್ತೆ ಕೇಳುತ್ತಿದ್ದಳು. ಕೆಲವು ರಾತ್ರಿ ಏಳೆಂಟು ಸಲ. ಸಮಾಧಾನವೂ ಒಂದು ಬಗೆಯ ತಪ್ಪಿಸಿಕೊಳ್ಳುವಿಕೆಯಂತೆ. ಕೊಟ್ಟಷ್ಟೂ ಇನ್ನಷ್ಟು ಬೇಕಾಗುತ್ತದೆ. ಒಂದು ರಾತ್ರಿ ಉತ್ತರ ಹೇಳುವ ಬದಲು ಪೆನ್ನು ಹಾಳೆ ತೆಗೆದುಕೊಂಡು ಕುಳಿತೆವು. ಗಣಿತದ ಲಿಖಿತ ಪರೀಕ್ಷೆ 80 ಅಂಕಕ್ಕೆ, ಆಂತರಿಕ ಮೌಲ್ಯಮಾಪನ 20ಕ್ಕೆ. ಆಗಿನ ನಿಯಮದಂತೆ ಲಿಖಿತದಲ್ಲಿ 28 ಬರಬೇಕು, ಎರಡೂ ಸೇರಿ 35. ಒಟ್ಟು 38 ಪ್ರಶ್ನೆ. ನಿದ್ದೆಗಣ್ಣಿನಲ್ಲೂ ಬರೆಯಬಲ್ಲೆ ಎನ್ನುವುದನ್ನು ಮಾತ್ರ ಹಾಕು ಎಂದೆ. ಬಹು ಆಯ್ಕೆಯ ಎಂಟರಲ್ಲಿ ಐದು, ಒಂದು ಅಂಕದ ಎಂಟರಲ್ಲಿ ಐದು, ಎರಡು ಅಂಕದ ನಾಲ್ಕು ಲೆಕ್ಕಕ್ಕೆ ಎಂಟು, ನಕ್ಷೆ ಬಿಡಿಸುವ ಸಮೀಕರಣಕ್ಕೆ ನಾಲ್ಕು, ಬಹುಲಕಕ್ಕೆ ಮೂರು, ಸ್ಪರ್ಶಕದ ಪ್ರಮೇಯಕ್ಕೆ ಮೂರು, ಥೇಲ್ಸ್ ಪ್ರಮೇಯಕ್ಕೆ ನಾಲ್ಕು. ಕೂಡಿದರೆ 32. ಅದೂ ಅತಿ ಜಿಪುಣತನದ ಲೆಕ್ಕ. ಹಾಳೆಯನ್ನು ಅವಳೇ ಮೇಜಿನ ಎದುರಿನ ಗೋಡೆಗೆ ಅಂಟಿಸಿದಳು. ಆಮೇಲೆ ಪಾಸಾಗುತ್ತೇನಾ ಎಂದು ಕೇಳಿದಾಗಲೆಲ್ಲ ‘ಗೋಡೆ ನೋಡು’ ಎನ್ನುತ್ತಿದ್ದೆವು. ವಾರದೊಳಗೆ ಕೇಳುವುದು ಕಡಿಮೆಯಾಯಿತು. ಉತ್ತೀರ್ಣತೆಯ ನಿಯಮಗಳು ಬದಲಾಗುತ್ತಿರುತ್ತವೆ, ಈ ವರ್ಷದ್ದನ್ನು ಶಾಲೆಯಲ್ಲೇ ಕೇಳಿ ನಿಮ್ಮ ಮಗನಿಂದಲೇ ಲೆಕ್ಕ ಹಾಕಿಸಿ. ಲೆಕ್ಕ ಅವನ ಕೈಬರಹದಲ್ಲೇ ಇರಲಿ.

ನಪಾಸಾದರೆ ಏನಾಗುತ್ತದೆ ಎನ್ನುವುದನ್ನೂ ಮಾತನಾಡಿಬಿಡಿ. ನಮ್ಮ ಮನೆಗಳಲ್ಲಿ ಅದನ್ನು ಅಪಶಕುನ ಎಂದು ಬಾಯಿ ಮುಚ್ಚಿಸುತ್ತಾರೆ, ಮಗು ಒಬ್ಬಂಟಿಯಾಗಿ ಕತ್ತಲಲ್ಲಿ ಅದನ್ನೇ ಯೋಚಿಸುತ್ತಿರುತ್ತದೆ. ನಾನು ಓದುವಾಗ ಮಾರ್ಚ್‌ನಲ್ಲಿ ಹೋದರೆ ಒಂದು ವರ್ಷವೇ ಹೋದಂತೆ ಎಂಬ ಮಾತಿತ್ತು. ಈಗ ಹಾಗಿಲ್ಲ. 2024ರಲ್ಲಿ ನಮ್ಮ ಪರೀಕ್ಷಾ ಮಂಡಳಿ ಪರೀಕ್ಷೆ-1, ಪರೀಕ್ಷೆ-2, ಪರೀಕ್ಷೆ-3 ಎಂದು ಒಂದೇ ವರ್ಷದಲ್ಲಿ ಮೂರು ಅವಕಾಶ ಕೊಟ್ಟಿತು. ಪಾಸಾದವರೂ ಅಂಕ ಹೆಚ್ಚಿಸಿಕೊಳ್ಳಲು ಮತ್ತೆ ಕೂರಬಹುದಿತ್ತು, ಹೆಚ್ಚು ಬಂದ ಅಂಕವನ್ನೇ ಉಳಿಸಿಕೊಳ್ಳಬಹುದಿತ್ತು. ನನ್ನ ಮಗಳು ಬರೆದದ್ದು ಅದೇ ವರ್ಷ. ಕೊಠಡಿಗಳಲ್ಲಿ ಕ್ಯಾಮೆರಾ ಇಟ್ಟು ವೆಬ್‌ಕಾಸ್ಟಿಂಗ್ ಶುರು ಮಾಡಿದ್ದೂ ಆಗಲೇ, ಮಕ್ಕಳಿಗೆ ಅದೊಂದು ಹೊಸ ಹೆದರಿಕೆ. ರಾಜ್ಯದ ಫಲಿತಾಂಶ ಹಿಂದಿನ ವರ್ಷದ ಶೇ. 83.89ರಿಂದ 73.40ಕ್ಕೆ ಇಳಿಯಿತು. ಅಷ್ಟು ಮಕ್ಕಳು ಒಟ್ಟಿಗೆ ಹಿಂದೆ ಬಿದ್ದರೂ ಅವರಲ್ಲಿ ಅನೇಕರು ಜೂನ್‌ನ ಪರೀಕ್ಷೆ-2ಕ್ಕೆ ಅರ್ಜಿ ತುಂಬಿದರು. ಅರ್ಜಿಯ ಜೆರಾಕ್ಸ್ ತೆಗೆದುಕೊಟ್ಟವನು ನಾನೇ.

ಮನೆಯಲ್ಲಿ ಬದಲಾಯಿಸಿದ್ದು ಹೆಚ್ಚೇನಿಲ್ಲ. ನೋಟ್ಸ್ ಕಟ್ಟು ತರುವುದನ್ನು ನಿಲ್ಲಿಸಿದೆ. ಬೆಳಗಿನ ಜಾವ ನಾಲ್ಕಕ್ಕೆ ಎಬ್ಬಿಸುತ್ತಿದ್ದುದನ್ನೂ ಬಿಟ್ಟೆವು. ಬೆಳಗಿನ ಓದು ತಲೆಯಲ್ಲಿ ನಿಲ್ಲುತ್ತದೆ ಎಂದು ನಮ್ಮ ಹಿರಿಯರು ಹೇಳುತ್ತಿದ್ದರು, ನಿಜವಿರಬಹುದು, ಆದರೆ ಅವರು ರಾತ್ರಿ ಎಂಟಕ್ಕೇ ಮಲಗುತ್ತಿದ್ದರು. ಪರೀಕ್ಷೆಯ ಬೆಳಿಗ್ಗೆ ತಿಂಡಿ ತಿನ್ನಲೇಬೇಕೆಂಬ ಜಗಳವೂ ಹೋಯಿತು. ಒಂದು ಲೋಟ ರಾಗಿ ಗಂಜಿಗೆ ಮಜ್ಜಿಗೆ ಬೆರೆಸಿ ಕೊಟ್ಟರೆ ಇಳಿಯುತ್ತಿತ್ತು. ತಾಯಿಯ ಹರಕೆಯದ್ದೇ ಕಷ್ಟವಾಯಿತು. ಕೊನೆಗೆ ನನ್ನ ಹೆಂಡತಿಯೇ ಅತ್ತೆಯ ಪಕ್ಕ ಕುಳಿತು, ‘ಅತ್ತೆ, ಅಂಕಕ್ಕೆ ಬೇಡ, ಮಗು ಎಲ್ಲ ಪರೀಕ್ಷೆಗೂ ಹೋಗಿ ಕುಳಿತರೆ ಸೀರೆ ಕೊಡೋಣ’ ಎಂದು ತಿದ್ದಿಸಿದಳು. ದೇವಿ ಒಪ್ಪಿರಬೇಕು, ನಮ್ಮ ತಾಯಿಯಂತೂ ಒಪ್ಪಿದರು.

ನಿಮ್ಮ ಯಜಮಾನರಿಗೆ ಒಂದು ಮಾತು. ಪರೀಕ್ಷೆ ಮುಗಿಸಿ ಬಂದ ಕೂಡಲೇ ಗೇಟಿನಲ್ಲೇ ಪ್ರಶ್ನೆಪತ್ರಿಕೆ ಕಿತ್ತುಕೊಂಡು ‘ಇದಕ್ಕೆ ಏನು ಬರೆದೆ?’ ಎಂದು ಕೇಳುವ ತಂದೆಯರನ್ನು ನನ್ನ ಅಂಗಡಿಯಿಂದಲೇ ನೋಡುತ್ತೇನೆ. ಮುಗಿದ ಪತ್ರಿಕೆಯ ಮೇಲೆ ಇನ್ನು ಒಂದು ಅಂಕವೂ ಸಿಗುವುದಿಲ್ಲ, ಮುಂದಿನದ್ದರಲ್ಲಿ ಮಾತ್ರ ಹೋಗುತ್ತದೆ. ಬಿಸಿಲಿದೆ, ಎಳನೀರು ಕುಡಿಸಿ ಕರೆದುಕೊಂಡು ಹೋಗಲಿ.

ಒಂದು ವಿಷಯದಲ್ಲಿ ಮಾತ್ರ ಕಾಯಬೇಡಿ. ನಿದ್ದೆ ಪೂರ್ತಿ ಹೋದರೆ, ಕೈ ಮೈ ಗಾಯ ಮಾಡಿಕೊಂಡರೆ, ‘ನಾನು ಇಲ್ಲದಿದ್ದರೇ ಚೆನ್ನಾಗಿತ್ತು’ ಎಂಬಂಥ ಮಾತು ತಮಾಷೆಗೆ ಬಂದರೂ ಒಬ್ಬನನ್ನೇ ಬಿಡದೆ ಅಂದೇ ಸಹಾಯ ಕೇಳಿ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ-ಮಾನಸ್‌ನ ಸಂಖ್ಯೆ 14416, ಉಚಿತ, ಹಗಲು ರಾತ್ರಿ ಇರುತ್ತದೆ, ಕನ್ನಡದಲ್ಲೇ ಮಾತನಾಡಬಹುದು. ಜಿಲ್ಲಾಸ್ಪತ್ರೆಯ ಮನೋವೈದ್ಯಕೀಯ ವಿಭಾಗಕ್ಕೂ ಹೋಗಬಹುದು. ‘ಜನ ಏನೆನ್ನುತ್ತಾರೋ’ ಎಂದು ನಾವು ಅಲ್ಲಿಗೆ ಹೋಗಲು ಮೂರು ವಾರ ತಡಮಾಡಿದೆವು. ಹೋದಾಗ ಹೊರಗಿನ ಬೆಂಚಿನ ಮೇಲೆ ನಮ್ಮದೇ ಬೀದಿಯ ಇನ್ನೊಂದು ಕುಟುಂಬ ಕುಳಿತಿತ್ತು.

ಇನ್ನು ನಿಮ್ಮ ಸೋಮವಾರ. ಅದಕ್ಕೂ ಮುಂಚೆ, ನಾಳೆಯೇ ತರಗತಿ ಶಿಕ್ಷಕರನ್ನು ಕಂಡು ವಿಷಯ ತಿಳಿಸಿ. ಬಾಗಿಲ ಹತ್ತಿರದ ಜಾಗ ಕೊಡಲಿ, ತಡೆಯಲಾಗದಿದ್ದರೆ ಎದ್ದು ನೀರು ಕುಡಿದು ಬರಲು ಬಿಡಲಿ. ಮಗನಿಗೆ ಹೇಳಿ: ‘ಪೂರ್ತಿ ಬರೆಯಲೇಬೇಕೆಂದಿಲ್ಲ. ಹೋಗಿ ಕೂರುವುದು, ಹದಿನೈದು ನಿಮಿಷ ಓದುವುದು, ಬರುವ ಒಂದು ಪ್ರಶ್ನೆಗೆ ಉತ್ತರ ಬರೆಯುವುದು. ಅರ್ಧ ಗಂಟೆಯ ಮೇಲೂ ಆಗದಿದ್ದರೆ ನಾನು ಗೇಟಿನ ಹೊರಗೇ ಇರುತ್ತೇನೆ.’ ಹೇಳಿದ ಮೇಲೆ ನಿಜವಾಗಿಯೂ ಅಲ್ಲೇ ಇರಿ. ನಾನು ಮಾರ್ಚ್‌ನಲ್ಲಿ ಅಂಗಡಿಗೆ ಬಾಗಿಲು ಹಾಕಿ, ಪರೀಕ್ಷಾ ಕೇಂದ್ರದ ಎದುರಿನ ಹೊಂಗೆಮರದ ಕೆಳಗೆ ನಿಂತಿದ್ದೆ. ಮೊದಲ ದಿನ ಅರ್ಧ ಗಂಟೆಗೆ ಗೇಟಿನತ್ತ ನೋಡಿದೆ, ಒಂದು ಗಂಟೆಗೆ ನೋಡಿದೆ. ಅವಳು ಕೊನೆಯ ಗಂಟೆ ಹೊಡೆದ ಮೇಲೆಯೇ ಬಂದದ್ದು, ಬೆರಳಿಗೆಲ್ಲ ಇಂಕು ಮೆತ್ತಿಕೊಂಡಿತ್ತು. ‘ಇಲ್ಲೇ ಇದ್ದೆಯಾ? ಅಂಗಡಿ?’ ಎಂದಳು.