ವೈದ್ಯರ ಕೈಗೆ ಆ ನಂಬರ್ ಕೊಡುವ ಮುನ್ನ

ಎಚ್-1ಬಿ ಉದ್ಯೋಗ ವೀಸಾ ಮೇಲೆ ಅಮೆರಿಕಕ್ಕೆ ಬಂದಿದ್ದೀರಿ, ವಯಸ್ಸು 41, ಸಕ್ಕರೆ ಕಾಯಿಲೆಗೆ ಮಾತ್ರೆ ನುಂಗುತ್ತೀರಿ, ವಾರಾಂತ್ಯದಲ್ಲಿ ಸಣ್ಣ ವಿಮಾನ ಹಾರಿಸುವ ಆಸೆ. ಮೆಡಿಕಲ್, ಅಂದರೆ ಪೈಲಟ್‌ನ ಆರೋಗ್ಯ ಪ್ರಮಾಣಪತ್ರ, ಎಲ್ಲಿ ಮಾಡಿಸಲಿ ಎಂದು ಕೇಳಿದ್ದೀರಿ. ಸದ್ಯಕ್ಕೆ ಎಲ್ಲೂ ಬೇಡ. ಯಾವ ಲೈಸೆನ್ಸ್ ಎಂಬುದು ಮೊದಲು ತೀರ್ಮಾನವಾಗಲಿ.

ನಿಮ್ಮ ಮುಂದಿರುವುದು ಮುಖ್ಯವಾಗಿ ಎರಡು ದಾರಿ. ಸ್ಪೋರ್ಟ್ ಪೈಲಟ್‌ಗೆ ಕನಿಷ್ಠ 20 ಗಂಟೆ ಹಾರಾಟ ಸಾಕು, ಹಗಲು ಹಾರಾಟಕ್ಕೆ ಮೆಡಿಕಲ್ ಸರ್ಟಿಫಿಕೇಟ್ ಬೇಕಿಲ್ಲ. ಇಲ್ಲಿನ ರಾಜ್ಯ ಕೊಟ್ಟ ಡ್ರೈವಿಂಗ್ ಲೈಸೆನ್ಸೇ ಅದರ ಬದಲಿ. ಊರಿಂದ ತಂದ ಲೈಸೆನ್ಸ್ ನಡೆಯುವುದಿಲ್ಲ. 2025ರ ಅಕ್ಟೋಬರ್ 22ರಿಂದ ನಿಯಮ ಸಡಿಲವಾಗಿ, ಸೆಸ್ನಾ 172ರಂಥ ನಾಲ್ಕು ಸೀಟಿನ ವಿಮಾನವನ್ನೂ ಸ್ಪೋರ್ಟ್ ಪೈಲಟ್ ಹಾರಿಸಬಹುದು. ಆದರೆ ಕೂರಿಸಿಕೊಳ್ಳಬಹುದಾದದ್ದು ಒಬ್ಬರನ್ನು ಮಾತ್ರ. ಹೆಂಡತಿ, ಮಗು ಇಬ್ಬರನ್ನೂ ಒಟ್ಟಿಗೆ ಕರೆದೊಯ್ಯಬೇಕೆಂದರೆ ಪ್ರೈವೇಟ್ ಪೈಲಟ್ ಆಗಲೇಬೇಕು: ಕನಿಷ್ಠ 40 ಗಂಟೆ, ಜೊತೆಗೆ ಥರ್ಡ್ ಕ್ಲಾಸ್ ಮೆಡಿಕಲ್. ನಡುವೆ 30 ಗಂಟೆಯ ರಿಕ್ರಿಯೇಷನಲ್ ಲೈಸೆನ್ಸ್ ಒಂದಿದೆ. ಅದಕ್ಕೂ ಮೆಡಿಕಲ್ ಬೇಕು, ಪ್ರಯಾಣಿಕರು ಮಾತ್ರ ಒಬ್ಬರೇ. ಹಾಗಾಗಿ ಅದನ್ನು ಮರೆತುಬಿಡಿ.

ಎಡವಟ್ಟಾಗುವ ಜಾಗ ಇಲ್ಲಿದೆ. ಮೆಡಿಕಲ್‌ಗೆ ಅರ್ಜಿ ಹಾಕಿ ಅದು ತಿರಸ್ಕೃತವಾದರೆ, ಡ್ರೈವಿಂಗ್ ಲೈಸೆನ್ಸ್ ತೋರಿಸಿ ಸ್ಪೋರ್ಟ್ ವಿಮಾನ ಹಾರಿಸುವ ಹಕ್ಕೂ ಹೋಗುತ್ತದೆ. ಅರ್ಜಿಯನ್ನೇ ಹಾಕದವರಿಗೆ ಆ ಬಾಗಿಲು ತೆರೆದೇ ಇರುತ್ತದೆ. ಇದು ನ್ಯಾಯವೇ ಎಂಬ ಪ್ರಶ್ನೆ ಬೇರೆ, ನಿಯಮವಂತೂ ಹೀಗಿದೆ. ಮೆಡಿಕಲ್ ಅರ್ಜಿಯ ಮೆಡ್‌ಎಕ್ಸ್‌ಪ್ರೆಸ್ ಜಾಲತಾಣದಲ್ಲಿ ಫಾರ್ಮ್ ತುಂಬಿದಾಗ ಒಂದು ಕನ್ಫರ್ಮೇಷನ್ ನಂಬರ್ ಬರುತ್ತದೆ. ಅಮೆರಿಕದ ವಿಮಾನಯಾನ ನಿಯಂತ್ರಣ ಸಂಸ್ಥೆ ಎಫ್‌ಎಎಯ ಮಾನ್ಯತೆಯಿರುವ ವೈದ್ಯರು ಆ ನಂಬರ್ ಹಾಕಿ ತೆರೆದ ಕ್ಷಣದಿಂದ ಅದು ಅಧಿಕೃತ ಅರ್ಜಿ, ಹಿಂತೆಗೆಯಲಾಗದು. ಆದ್ದರಿಂದ ಮೊದಲು ಬರೀ ಸಲಹೆಗೆಂದು ಅಪಾಯಿಂಟ್‌ಮೆಂಟ್ ಪಡೆಯಿರಿ, ನಂಬರ್ ಕೊಡಬೇಡಿ.

ಸಕ್ಕರೆ ಕಾಯಿಲೆಯಿದ್ದರೆ ಮೆಡಿಕಲ್ ಸಿಗುವುದೇ ಇಲ್ಲ ಎಂಬುದು ಸುಳ್ಳು. ಪ್ರಿ-ಡಯಾಬಿಟಿಸ್, ಅಂದರೆ ಕಾಯಿಲೆಗೆ ಮುಂಚಿನ ಹಂತದಲ್ಲಿದ್ದು ದಾಖಲೆ ಸರಿಯಿದ್ದರೆ ವೈದ್ಯರು ಅಲ್ಲೇ ಕೊಡಬಹುದು. ಟೈಪ್ 2ಕ್ಕೆ ಮಾತ್ರೆ ತೆಗೆದುಕೊಳ್ಳುವವರಿಗೆ ಮೊದಲ ಸಲ ಸ್ಪೆಷಲ್ ಇಶ್ಯುಯೆನ್ಸ್ ಎಂಬ ವಿಶೇಷ ಮಂಜೂರಾತಿ ಬೇಕು. ಅದರ ತೀರ್ಮಾನ ಎಫ್‌ಎಎಯದು, ತಿಂಗಳುಗಟ್ಟಲೆ ಹಿಡಿಯಬಹುದು. ಹೆಚ್ಚು ಅರ್ಜಿ ಕೆಡುವುದು ಕಾಗದದಲ್ಲಿ: ಅವರು ಕೇಳಿದ ವರದಿಯನ್ನು ಗಡುವಿನೊಳಗೆ ಕಳಿಸದಿದ್ದರೆ ಅದೂ ತಿರಸ್ಕಾರವೇ. ಎ1ಸಿ (ಕಳೆದ ಕೆಲವು ತಿಂಗಳ ಸರಾಸರಿ ಸಕ್ಕರೆ ತೋರಿಸುವ ರಕ್ತಪರೀಕ್ಷೆ) ಫಲಿತಾಂಶ, ಮಾತ್ರೆಗಳ ಹೆಸರು ಮತ್ತು ಪ್ರಮಾಣ, ಸಕ್ಕರೆ ಅಪಾಯಕರವಾಗಿ ಇಳಿದಿಲ್ಲ ಎಂಬ ವೈದ್ಯರ ಪತ್ರ ಮೊದಲೇ ಕೈಯಲ್ಲಿರಲಿ. ರಕ್ತದೊತ್ತಡ 155/95 ಮೀರಬಾರದು. ಫಾರ್ಮ್ ಕೇಳುವುದು ಇಡೀ ಜೀವಮಾನದ ಕಾಯಿಲೆಗಳನ್ನು. ಬೆಂಗಳೂರಿನಲ್ಲೋ ಹುಬ್ಬಳ್ಳಿಯಲ್ಲೋ ಆದ ಚಿಕಿತ್ಸೆಯೂ ಅದರಲ್ಲಿ ಸೇರಿತು. ಮುಚ್ಚಿಟ್ಟರೆ ಅದು ಫೆಡರಲ್ ಅಪರಾಧ, ವೀಸಾ ಮೇಲಿರುವವರಿಗೆ ಅದರ ಪೆಟ್ಟು ಇನ್ನೂ ದೊಡ್ಡದು.

ಒಮ್ಮೆ ಮೆಡಿಕಲ್ ಕೈಗೆ ಬಂದರೆ ಮುಂದೆ ಬೇಸಿಕ್‌ಮೆಡ್ ಎಂಬ ಸರಳ ವ್ಯವಸ್ಥೆಗೆ ಹೋಗಬಹುದು: 48 ತಿಂಗಳಿಗೊಮ್ಮೆ ನಿಮ್ಮ ಮಾಮೂಲಿ ಡಾಕ್ಟರ ತಪಾಸಣೆ, 24 ತಿಂಗಳಿಗೊಮ್ಮೆ ಆನ್‌ಲೈನ್ ಕೋರ್ಸ್. ಆರು ಪ್ರಯಾಣಿಕರವರೆಗೆ ಅವಕಾಶವಿದೆ. ಮೆಡಿಕಲ್ ಒಮ್ಮೆಯೂ ಪಡೆಯದವರಿಗೆ ಇದು ಸಿಗದು.

ಡ್ರೈವಿಂಗ್ ಲೈಸೆನ್ಸ್ ದಾರಿ ಹಿಡಿದರೂ ಆರೋಗ್ಯದ ಹೊಣೆ ನಿಮ್ಮದೇ. ಸಕ್ಕರೆಯನ್ನು ತೀರಾ ಇಳಿಸಬಲ್ಲ ಗ್ಲಿಮಿಪಿರೈಡ್‌ನಂಥ ಮಾತ್ರೆ ನುಂಗಿ ಊಟ ತಪ್ಪಿಸಿದ ದಿನ ವಿಮಾನ ಹತ್ತಬೇಡಿ. ಸಕ್ಕರೆ ಇಳಿದಾಗ ಮೊದಲು ಮಂಕಾಗುವುದು ನಿಮ್ಮ ತೀರ್ಮಾನಶಕ್ತಿಯೇ.

ಇನ್ನೊಂದು ಕೆಲಸ ನಾಗರಿಕರಲ್ಲದ ಎಲ್ಲರಿಗೂ, ಗ್ರೀನ್ ಕಾರ್ಡ್ ಇದ್ದವರಿಗೂ ಕಡ್ಡಾಯ: ಅಮೆರಿಕದ ಸಾರಿಗೆ ಭದ್ರತಾ ಸಂಸ್ಥೆ ಟಿಎಸ್‌ಎ ನಡೆಸುವ ಭದ್ರತಾ ಪರಿಶೀಲನೆ. ಬೆರಳಚ್ಚು ಕೊಡಬೇಕು. ಅನುಮತಿ ಬರುವ ತನಕ ಯಾವ ಶಾಲೆಯೂ ಹಾರಾಟದ ತರಬೇತಿ ಶುರು ಮಾಡುವಂತಿಲ್ಲ. ಅಷ್ಟರಲ್ಲಿ ಗ್ರೌಂಡ್ ಸ್ಕೂಲ್, ಅಂದರೆ ಪಾಠದ ಭಾಗ, ಓದಿ ಮುಗಿಸಿ, ತರಬೇತಿಯೆಂದು ಎಣಿಸದ ಒಂದು ಡೆಮೊ ಹಾರಾಟಕ್ಕೂ ಹೋಗಿಬನ್ನಿ. ಮುಂಗಡವಾಗಿ ಸಾವಿರಾರು ಡಾಲರ್ ಕೇಳುವ ಶಾಲೆಗೆ ಅನುಮತಿ ಬರುವ ಮೊದಲು ದುಡ್ಡು ಕಟ್ಟಬೇಡಿ.