ಆರ್‌ಪಿಜಿ ಭಾಷೆಯಲ್ಲಿ ಪ್ರೊಟೋಟೈಪ್‌ಗಳನ್ನೆಲ್ಲ (ಪ್ರೊಸೀಜರ್‌ಗೆ ಯಾವ ಪ್ಯಾರಾಮೀಟರ್ ಕೊಡಬೇಕು ಅಂತ ಹೇಳುವ ಸಾಲುಗಳು) ಒಂದೇ ಕಾಪಿ ಮೆಂಬರ್‌ನಲ್ಲಿ (ಹಲವು ಪ್ರೋಗ್ರಾಮ್‌ಗಳು ಎಳೆದುಕೊಳ್ಳುವ ಸೋರ್ಸ್ ಕಡತ) ಇಡಬೇಕಾ, ಬೇರೆ ಬೇರೆ ಇಡಬೇಕಾ?

ಬೈಕಂಪಾಡಿಯ ನನ್ನ ಹಳೇ ಆಫೀಸಿನಲ್ಲಿ ಒಂದೂ ಇರಲಿಲ್ಲ, ಬೇರೆ ಬೇರೆಯೂ ಇರಲಿಲ್ಲ. ಗೋಡಂಬಿ ರಫ್ತಿನ ಕಂಪನಿ, ಐಬಿಎಂನ ಎಎಸ್/400 ಕಂಪ್ಯೂಟರ್, ಎಲ್ಲಾ ಆರ್‌ಪಿಜಿ. ಪ್ರೊಸೀಜರ್ ಬೇಕಾದವರು ಪಕ್ಕದ ಪ್ರೋಗ್ರಾಮ್‌ನಿಂದ ಡಿಸಿಎಲ್-ಪಿಆರ್ ಸಾಲುಗಳನ್ನು, ಅಂದ್ರೆ ಅದರ ಪ್ರೊಟೋಟೈಪನ್ನು, ಎತ್ತಿ ತಮ್ಮದಕ್ಕೆ ಅಂಟಿಸಿಕೊಳ್ಳುತ್ತಿದ್ದರು.

ಪೆಟ್ಟಿಗೆ ಎಷ್ಟು ಅಂತ ಕೊಟ್ಟರೆ ತೂಕ ತುಂಬಿಕೊಡುವ ಪ್ರೊಸೀಜರ್ ಒಂದಿತ್ತು. ಅದರಲ್ಲಿ ತೂಕ ಪ್ಯಾಕ್ಡ್ 9:2, ಅಂದ್ರೆ ಬೈಟ್‌ಗೆ ಎರಡಂಕಿಯಂತೆ ಒತ್ತಿಟ್ಟ 9 ಅಂಕಿ, ಅದರಲ್ಲಿ ಚುಕ್ಕಿಯ ನಂತರ 2. ಪ್ಯಾಕಿಂಗ್ ಲಿಸ್ಟ್ ಪ್ರೋಗ್ರಾಮ್‌ನಲ್ಲಿ ಅಂಟಿಸಿದ್ದ ಪ್ರತಿಯಲ್ಲಿ ಯಾರೋ 9:3 ಮಾಡಿದ್ದರು. 700 ಪೆಟ್ಟಿಗೆ, ತಲಾ 22.68 ಕೆಜಿ. 15876.00 ಬರಬೇಕಿತ್ತು, ಬಂದದ್ದು 1587.600. ಪಣಂಬೂರು ಬಂದರಿನಲ್ಲಿ ಕಂಟೇನರ್ ತೂಗಿದಾಗಲೇ ಗೊತ್ತಾಗಿದ್ದು. ಹಡಗು ತಪ್ಪಿತು.

ಇದನ್ನು ಸ್ವಲ್ಪ ಬಿಡಿಸಿ ಹೇಳ್ತೇನೆ, ಯಾಕಂದ್ರೆ ಎಲ್ಲೂ ಎರರ್ ಬರಲಿಲ್ಲ. ಪ್ಯಾರಾಮೀಟರ್ ಹೋಗುವುದು ರೆಫರೆನ್ಸ್‌ನಲ್ಲಿ, ಅಂದ್ರೆ ಬರೀ ವಿಳಾಸ. 9 ಅಂಕಿಯ ಪ್ಯಾಕ್ಡ್ ಎಂದರೆ 5 ಬೈಟ್, ದಶಮಾಂಶ ಎರಡಿರಲಿ ಮೂರಿರಲಿ. ಪ್ರೊಸೀಜರ್ ಬರೆದದ್ದು 00 15 87 60 0ಎಫ್, ಕೊನೆಯ ಎಫ್ ಪ್ಲಸ್ ಚಿಹ್ನೆ. ಚುಕ್ಕಿ ಎಲ್ಲಿ ಅನ್ನುವುದು ಆ ಬೈಟ್‌ಗಳಲ್ಲಿ ಇರುವುದೇ ಇಲ್ಲ, ಡಿಕ್ಲರೇಶನ್‌ನಲ್ಲಿ ಮಾತ್ರ. ಕಂಪೈಲರ್ ತನ್ನ ಮುಂದಿದ್ದ ಸೋರ್ಸ್‌ನ ಪ್ರೊಟೋಟೈಪ್ ನೋಡಿತು, ಸರಿ ಅಂದಿತು. ಮಾಡ್ಯೂಲ್‌ಗಳನ್ನು ಜೋಡಿಸುವ ಬೈಂಡರ್ ಪ್ರೊಸೀಜರ್‌ನ ಹೆಸರು ನೋಡಿತು, ಅದೂ ಸರಿ ಅಂದಿತು. 7:2 ಅಂತ ತಪ್ಪಿದ್ದರೆ ಅದು 4 ಬೈಟ್ ಮಾತ್ರ, ಕೊನೆಯಲ್ಲಿ ಚಿಹ್ನೆ ಸಿಗದೆ ಡೆಸಿಮಲ್ ಡೇಟಾ ಎರರ್ ಬಂದು ಪ್ರೋಗ್ರಾಮ್ ನಿಂತೇ ಹೋಗ್ತಿತ್ತು. ಅದೇ ಎಷ್ಟೋ ವಾಸಿ.

ಹಾಗಾಗಿ ಒಂದಾ ಹಲವಾ ಅನ್ನುವುದು ನನ್ನ ಲೆಕ್ಕದಲ್ಲಿ ಆಮೇಲಿನ ಮಾತು. ಪ್ರೊಸೀಜರ್ ಬರೆದಿರುವ ಮಾಡ್ಯೂಲ್ ಕೂಡ ಅದೇ ಮೆಂಬರನ್ನು ಕಾಪಿ ಮಾಡಿಕೊಳ್ಳುತ್ತದಾ? ಮೊದಲು ಅದು ಹೇಳಿ. ಹಾಗಿದ್ದರೆ ಮಾತ್ರ ಕಂಪೈಲರ್ ಪಿಆರ್ (ಪ್ರೊಟೋಟೈಪ್) ಮತ್ತು ಪಿಐ (ಪ್ರೊಸೀಜರ್‌ನ ಒಳಗಿನ ಪ್ಯಾರಾಮೀಟರ್ ಪಟ್ಟಿ) ಎರಡನ್ನೂ ಪಕ್ಕಪಕ್ಕ ಇಟ್ಟು ನೋಡುತ್ತದೆ. ಆಪರೇಟಿಂಗ್ ಸಿಸ್ಟಮ್‌ನ 7.1 ಆವೃತ್ತಿಯಿಂದ ಆ ಮಾಡ್ಯೂಲ್‌ನಲ್ಲಿ ಪ್ರೊಟೋಟೈಪ್ ಕಡ್ಡಾಯವಲ್ಲ. ಅದಕ್ಕೇ ಜಾಸ್ತಿ ಜನ ಬಿಟ್ಟುಬಿಡ್ತಾರೆ. ಎಕ್ಸ್‌ಪೋರ್ಟ್ ಆಗುವ, ಅಂದ್ರೆ ಹೊರಗಿನ ಮಾಡ್ಯೂಲ್‌ಗಳೂ ಕರೆಯುವ ಪ್ರೊಸೀಜರ್‌ಗೆ ನಾನಂತೂ ಬಿಡುವುದಿಲ್ಲ.

ಎಷ್ಟು ಮೆಂಬರ್ ಅಂದ್ರೆ, ಒಂದು ಸರ್ವಿಸ್ ಪ್ರೋಗ್ರಾಮ್‌ಗೆ (ಹಲವು ಪ್ರೋಗ್ರಾಮ್‌ಗಳು ಹಂಚಿಕೊಳ್ಳುವ ಪ್ರೊಸೀಜರ್‌ಗಳ ಕಟ್ಟು) ಒಂದು. ಎಲ್ಲಾ ಒಂದೇ ಕಡೆ ತುಂಬಿದರೆ ಒಂದು ಸಾಲು ಬದಲಾದಾಗ ಯಾವ ಪ್ರೋಗ್ರಾಮ್ ಮತ್ತೆ ಕಂಪೈಲ್ ಆಗಬೇಕು ಅಂತ ಹುಡುಕಿ ಸಾಕಾಗುತ್ತದೆ. ಒಂದು ಮೆಂಬರ್ ಇನ್ನೊಂದನ್ನು ಎಳೆದುಕೊಂಡು ಎರಡು ಸಲ ಬರಬಾರದಲ್ವಾ, ಅದಕ್ಕೆ ಮೆಂಬರ್‌ನ ತಲೆಯಲ್ಲೇ ಇಫ್ ಡಿಫೈನ್ಡ್ (ಆಗಲೇ ಬಂದಿದ್ದರೆ ಬಿಟ್ಟುಬಿಡು ಅನ್ನುವ ಷರತ್ತು) ಹಾಕಿ. ಹೊಸ ಪ್ಯಾರಾಮೀಟರ್ ಬೇಕಾದರೆ ಕೊನೆಯಲ್ಲಿ ಸೇರಿಸಿ, ಆಪ್ಶನ್ಸ್‌ನಲ್ಲಿ ನೋಪಾಸ್ (ಕೊಡದಿದ್ದರೂ ನಡೆಯುತ್ತದೆ ಅಂತ) ಕೊಡಿ, ಒಳಗೆ ಪಾರ್ಮ್ಸ್ (ಎಷ್ಟು ಪ್ಯಾರಾಮೀಟರ್ ಬಂದಿವೆ ಅನ್ನುವ ಲೆಕ್ಕ) ನೋಡಿಯೇ ಅದನ್ನು ಮುಟ್ಟಿ.