ಕಲ್ಲಾದ ಮರ ಯಾವ ಜಾತಿಯದು ಎಂದು ಹೇಗೆ ಗೊತ್ತಾಗುತ್ತದೆ?

ಪ್ರಶ್ನೆ: ಪುದುಚೇರಿ ಹತ್ತಿರದ ತಿರುವಕ್ಕರೈನಲ್ಲಿ ಕಲ್ಲಾದ ಮರದ ದಿಮ್ಮಿಗಳನ್ನು ನೋಡಿ ಬಂದೆವು. 2 ಕೋಟಿ ವರ್ಷ ಹಳೆಯವಂತೆ. ಎಲೆ, ಕೊಂಬೆ, ಬೇರು ಏನೂ ಇಲ್ಲ. ಅದು ಯಾವ ಮರ ಎಂದು ಹೇಗೆ ಹೇಳುತ್ತಾರೆ? ಕಾರ್ಬನ್ ಡೇಟಿಂಗ್ ಮಾಡುತ್ತಾರಾ?
– ಓದುಗರೊಬ್ಬರು, ಬೆಂಗಳೂರು

ಉತ್ತರ: ಮೊದಲು ಕಾರ್ಬನ್ ವಿಷಯ ಮುಗಿಸೋಣ. ಆ ವಿಧಾನ ನಡೆಯುವುದು ಸುಮಾರು 50,000 ವರ್ಷದವರೆಗೆ ಮಾತ್ರ. ಅದಕ್ಕಿಂತ ಹಳೆಯದರಲ್ಲಿ ಅಳೆಯುವಷ್ಟು ಕಾರ್ಬನ್-14 (ಕಾಲ ಕಳೆದಂತೆ ಕಡಿಮೆಯಾಗುತ್ತ ಹೋಗುವ ಒಂದು ಬಗೆಯ ಕಾರ್ಬನ್) ಉಳಿದಿರುವುದಿಲ್ಲ. ಈ ದಿಮ್ಮಿಗಳ ವಯಸ್ಸು ಗೊತ್ತಾಗಿದ್ದು ಅವು ಹುದುಗಿದ್ದ ಮರಳುಗಲ್ಲಿನ ಪದರದಿಂದ. ಹಾಗಾಗಿ 2 ಕೋಟಿ ಅನ್ನುವುದು ಅಂದಾಜು.

ಬೇರು, ಕೊಂಬೆ ಇಲ್ಲ ಎಂದು ಗಮನಿಸಿದ್ದೀರಲ್ಲ, ಅದು ಒಳ್ಳೆಯ ಸುಳಿವು. ಈ ಮರಗಳು ಅಲ್ಲೇ ಬೆಳೆದವಲ್ಲ. ಪ್ರವಾಹದಲ್ಲಿ ತೇಲಿ ಬಂದು, ಮರಳಲ್ಲಿ ಹೂತು, ಆಮೇಲೆ ಕಲ್ಲಾದವು ಎಂದು ಭೂವಿಜ್ಞಾನಿಗಳು ಹೇಳುವುದು ಇದರಿಂದಲೇ.

ಬೇಗ ಹೂತುಹೋದ ಮರ ಗಾಳಿ ಸಿಗದೆ ನಿಧಾನವಾಗಿ ಕೊಳೆಯುತ್ತದೆ. ಅಷ್ಟರಲ್ಲಿ ಸಿಲಿಕಾ (ಮರಳಿನಲ್ಲಿರುವ ಖನಿಜ) ಕರಗಿದ ನೀರು ಒಳಗಿಳಿದು ಒಂದೊಂದು ಜೀವಕೋಶದಲ್ಲೂ ಗಟ್ಟಿಯಾಗುತ್ತದೆ. ಹೊರಗಿನ ಆಕಾರ ಮಾತ್ರವಲ್ಲ, ಒಳರಚನೆಯೂ ಉಳಿಯುತ್ತದೆ. ನನ್ನ ಪ್ರಕಾರ ಎಲೆಯ ಅಚ್ಚಿಗಿಂತ ಇದೇ ಜಾಸ್ತಿ ಬೆಲೆಯದು, ನೋಡಲು ಅಷ್ಟು ಚೆಂದ ಇಲ್ಲದಿದ್ದರೂ.

ತಜ್ಞರು ಇದನ್ನು ವಜ್ರದ ಅಂಚಿನ ಗರಗಸದಿಂದ ಕೊಯ್ಯುತ್ತಾರೆ. ಒಂದು ಸೀಳು ಅಡ್ಡಕ್ಕೆ, ಎರಡು ಉದ್ದಕ್ಕೆ. ಗಾಜಿಗೆ ಅಂಟಿಸಿ, ಬೆಳಕು ಹಾಯುವಷ್ಟು ತೆಳ್ಳಗೆ ಉಜ್ಜುತ್ತಾರೆ. ಮೈಕ್ರೋಸ್ಕೋಪಿನಲ್ಲಿ ನೀರು ಸಾಗಿಸುವ ಅಗಲವಾದ ನಾಳಗಳು ಕಂಡರೆ ಸಾಮಾನ್ಯವಾಗಿ ಅದು ಹೂಬಿಡುವ ಮರ. ಸಾಲಾಗಿ ಸಣ್ಣ ಕೋಶಗಳಷ್ಟೇ ಇದ್ದರೆ ಪೈನ್‌ನಂಥ ಶಂಕುಧಾರಿ ಇರಬಹುದು. ನಾಳಗಳು ಒಂಟಿಯೋ ಗುಂಪೋ, ಎಷ್ಟು ಅಗಲ ಎಂದು ನೋಡಿ ಇಂದಿನ ಮರಗಳ ಜೊತೆ ಹೋಲಿಸುತ್ತಾರೆ.

ಆದರೂ ಗುರುತು ಸಿಕ್ಕಿದ್ದು ಕಾಂಡಕ್ಕೆ ಮಾತ್ರ, ಇಡೀ ಮರಕ್ಕಲ್ಲ. ಬಿಡಿಬಿಡಿಯಾಗಿ ಸಿಕ್ಕ ಭಾಗಗಳಿಗೆ ಬೇರೆ ಬೇರೆ ಹೆಸರಿಡುತ್ತಾರೆ. ಜಾರ್ಖಂಡ್‌ನ ರಾಜಮಹಲ್ ಬೆಟ್ಟಗಳ ಒಂದು ಸಸ್ಯದಲ್ಲಿ ಕಾಂಡದ ಹೆಸರು ಪೆಂಟಾಕ್ಸಿಲಾನ್, ಎಲೆ ನಿಪಾನಿಯೋಫಿಲಮ್, ಬೀಜದ ಗೊಂಚಲು ಕಾರ್ನೋಕೊನೈಟಿಸ್! ಇವೆಲ್ಲ ಒಂದೇ ಬಗೆಯ ಗಿಡದವು ಎಂದು 1948ರಲ್ಲಿ ಬೀರಬಲ್ ಸಾಹ್ನಿ ಜೋಡಿಸಿ ತೋರಿಸಿದರು. ಲಕ್ನೋದ ಪಳೆಯುಳಿಕೆ ಸಸ್ಯಗಳ ಸಂಶೋಧನಾ ಸಂಸ್ಥೆಯನ್ನು ಕಟ್ಟಿದವರೂ ಅವರೇ. ಬರೀ ಕಾಂಡ ಸಿಕ್ಕ ಕಡೆ ಹೀಗೆ ಜೋಡಿಸಲು ಆಗುವುದಿಲ್ಲ. ಆಗ ‘ಇಂಥ ಮರದ ಕಾಂಡವನ್ನು ಹೋಲುತ್ತದೆ’ ಎಂದಷ್ಟೇ ಹೇಳಬಹುದು.